ಹಜಾರಧ್ವನಿಮೀಮಾಂಸೆ

ಪ್ರಥಮಾಧಿಕರಣ: ವಿಷಯನಿರ್ದೇಶ

ಪ್ರಸ್ತುತ ಮೀಮಾಂಸೆಗೆ ವಿಷಯವಾಗಿರುವುದು ಬೆಂಗಳೂರಿನ ಫ್ಲ್ಯಾಟಿನ ಹಜಾರ, ಅಂದರೆ 'ಬಿಎಚ್‌ಕೆ' ಎಂಬ ತ್ರ್ಯಕ್ಷರಿ ಮಂತ್ರದ ನಡುವಿನ ಅಕ್ಷರ. ಶಾಸ್ತ್ರಚರ್ಚೆಗೆ ನಿಶ್ಚಿತವಾದ ಆಕಾರವೊಂದು ಬೇಕಾಗುವುದರಿಂದ ಅದರ ಉದ್ದ 16 ಅಡಿ, ಅಗಲ 11 ಅಡಿ, ಎತ್ತರ ಒಂಬತ್ತೂವರೆ ಅಡಿ ಎಂದು ಇಲ್ಲಿ ಗಣಿಸಲಾಗಿದೆ. ಇದಕ್ಕಿಂತ ದೊಡ್ಡ ಹಜಾರವುಳ್ಳವರಿಗೆ ಶಾಸ್ತ್ರದ ಅಗತ್ಯವಿಲ್ಲ, ಚಿಕ್ಕದುಳ್ಳವರಿಗೆ ಶಾಸ್ತ್ರದಿಂದ ಪ್ರಯೋಜನವಿಲ್ಲ. ಹಜಾರದ ಲಕ್ಷಣವನ್ನು ಪಂಚಕಾಠಿನ್ಯವೆಂದು ನಿರೂಪಿಸಬಹುದು. ಮೊದಲನೆಯದು ನೆಲದ ವಿಟ್ರಿಫೈಡ್ ಟೈಲ್ಸ್, ಎರಡನೆಯದು ಪುಟ್ಟಿ ಬಳಿದು ನುಣುಪಾಗಿಸಿದ ಗೋಡೆ, ಮೂರನೆಯದು ಆರ್‌ಸಿಸಿ ಚಾವಣಿ, ನಾಲ್ಕನೆಯದು ಬಾಲ್ಕನಿಗೆ ತೆರೆಯುವ ಗಾಜಿನ ಬಾಗಿಲು. ಐದನೆಯದನ್ನು ಅದರ ಯೋಗ್ಯ ಸ್ಥಳದಲ್ಲಿ ವಿವರಿಸಲಾಗುವುದು.

ಹೀಗೆ ಸರ್ವಲಕ್ಷಣಸಂಪನ್ನವಾದ ಹಜಾರಕ್ಕೆ ಗೃಹಸ್ಥನೊಬ್ಬನು ನಿವೃತ್ತಿಯ ಹಣದಲ್ಲಿ ಒಂದು ಪಾಲನ್ನು ತೆಗೆದಿರಿಸಿ ಒಂದು ಆಂಪ್ಲಿಫೈಯರನ್ನೂ ಎರಡು ಸ್ಪೀಕರುಗಳನ್ನೂ ತಂದು, ಅಂಗಡಿಯಲ್ಲಿ ಮೈಮರೆಸಿದ್ದ ಅದೇ ತೋಡಿಯನ್ನು ಹಾಕಿದ ಕೂಡಲೇ ಗಾಯಕನು ಸಿಂಟೆಕ್ಸ್ ಟ್ಯಾಂಕಿನೊಳಗೆ ಕುಳಿತು ಹಾಡುತ್ತಿರುವಂತೆ ಕೇಳಿಸಿ, ಡಗ್ಗದ ಒಂದು ಪೆಟ್ಟು ಮುಗಿಯುವ ಮೊದಲೇ ಇನ್ನೊಂದು ಅದರ ಮೇಲೆ ಬಿದ್ದು, ಸಾಹಿತ್ಯದ ವ್ಯಂಜನಗಳೆಲ್ಲ ಕರಗಿ ಸ್ವರಗಳು ಮಾತ್ರ ಉಳಿಯುವ ವಿದ್ಯಮಾನವೇ ಈ ಶಾಸ್ತ್ರದ ಮೂಲಪ್ರಶ್ನೆ. ಈ ವಿದ್ಯಮಾನಕ್ಕೆ ಅನುರಣನವೆಂದು ಹೆಸರು. ಸದ್ದು ಹುಟ್ಟಿದ ಮೂಲವು ಸುಮ್ಮನಾದ ಮೇಲೂ ಗೋಡೆ, ನೆಲ, ಚಾವಣಿಗಳ ನಡುವೆ ಅದು ಪುಟಿದಾಡುತ್ತ ನಿಧಾನವಾಗಿ ಸಾಯುವುದನ್ನು ಈ ಪದವು ಸೂಚಿಸುತ್ತದೆ. ಇದು ಸ್ವತಃ ದೋಷವೇನಲ್ಲ. ವಿಜಯಪುರದ ಗೋಲಗುಮ್ಮಟದಲ್ಲಿ ಇದೇ ಪುಟಿದಾಟವನ್ನು ಕೇಳಲು ಜನರು ಟಿಕೆಟ್ಟು ಕೊಂಡು ಒಳಗೆ ಹೋಗಿ, ಕಿರುಚಿ, ಸಂತೋಷಪಟ್ಟು ಬರುತ್ತಾರೆ. ಮಹಮ್ಮದ್ ಆದಿಲ್ ಶಾಹನು ತನ್ನ ಗೋರಿಗಾಗಿ ಕಟ್ಟಿಸಿದ ಕಟ್ಟಡದ ಗುಣವನ್ನು ಇಂದಿನ ಬಿಲ್ಡರುಗಳು ಬದುಕಿರುವವರ ಮನೆಗೂ ವಿಸ್ತರಿಸಿದ್ದಾರೆ ಎಂಬುದಷ್ಟೇ ವ್ಯತ್ಯಾಸ.

ದ್ವಿತೀಯಾಧಿಕರಣ: ಪೂರ್ವಸೂರಿಸ್ಮರಣೆ ಮತ್ತು ಗಣಿತ

ಅನುರಣನವನ್ನು ಅಳತೆಗೆ ಒಳಪಡಿಸಿದ ಕೀರ್ತಿ ಅಮೆರಿಕದ ಭೌತಶಾಸ್ತ್ರಜ್ಞ ವಾಲೆಸ್ ಸಬೀನನಿಗೆ ಸಲ್ಲುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಕಲಾ ಸಂಗ್ರಹಾಲಯದ ಉಪನ್ಯಾಸ ಮಂದಿರದಲ್ಲಿ ಅಧ್ಯಾಪಕರ ಮಾತು ಐದಾರು ಸೆಕೆಂಡು ಗಾಳಿಯಲ್ಲೇ ಸುಳಿದಾಡುತ್ತಿದ್ದುದರಿಂದ ಹಿಂದಿನ ವಾಕ್ಯವು ಮುಂದಿನ ವಾಕ್ಯವನ್ನು ನುಂಗಿ ಯಾವುದೂ ತಿಳಿಯದಂತಾಗಿತ್ತು; ಅರ್ಥವಾಗದ ಉಪನ್ಯಾಸಕ್ಕೆ ಕಟ್ಟಡವನ್ನು ಹೊಣೆಯಾಗಿಸಿ ಪಾರಾಗುವ ಅವಕಾಶ ಎಲ್ಲ ವಿಶ್ವವಿದ್ಯಾಲಯಗಳಿಗೂ ಒದಗಿಬರುವಂಥದ್ದಲ್ಲ. 1895ರಲ್ಲಿ ಇದನ್ನು ಸರಿಪಡಿಸುವ ಕೆಲಸ ತರುಣ ಸಬೀನನ ತಲೆಗೆ ಬಂದಾಗ ಅವನು ಸಮೀಪದ ಸ್ಯಾಂಡರ್ಸ್ ಥಿಯೇಟರಿನ ಆಸನಗಳ ಮೆತ್ತೆಗಳನ್ನು ರಾತ್ರಿ ಹೊತ್ತು ಸಾಗಿಸಿ, ಅವುಗಳನ್ನು ಹಂತಹಂತವಾಗಿ ಹರಡುತ್ತ, ಆರ್ಗನ್ ಕೊಳವೆಯ ನಾದವನ್ನು ತಟಕ್ಕನೆ ನಿಲ್ಲಿಸಿ, ಅದು ಕಿವಿಗೆ ಕೇಳದಂತಾಗುವವರೆಗಿನ ಕಾಲವನ್ನು ಅಳೆದು, ಬೆಳಗಾಗುವಷ್ಟರಲ್ಲಿ ಮೆತ್ತೆಗಳನ್ನು ಸ್ವಸ್ಥಾನಕ್ಕೆ ಸೇರಿಸುತ್ತಿದ್ದನು. ಒಂದು ಇಡೀ ವಿಜ್ಞಾನಶಾಖೆಯು ಹೀಗೆ ಮೆತ್ತೆ ಹೊತ್ತವನ ಬೆನ್ನುನೋವಿನಿಂದ ಹುಟ್ಟಿತು ಎಂಬುದನ್ನು ನೆನಪಿನಲ್ಲಿಡಬೇಕು, ಏಕೆಂದರೆ ಅದರ ಇಂದಿನ ವಾರಸುದಾರರು ಮೆತ್ತೆಯ ಹೆಸರೆತ್ತಿದರೆ ಮೂಗು ಮುರಿಯುತ್ತಾರೆ.

ಸಬೀನನ ಸೂತ್ರವು ಸರಳವಾಗಿದೆ. ಘನ ಮೀಟರುಗಳಲ್ಲಿ ಹೇಳಿದ ಕೋಣೆಯ ಗಾತ್ರವನ್ನು 0.161ರಿಂದ ಗುಣಿಸಿ, ಬಂದುದನ್ನು ಕೋಣೆಯ ಒಟ್ಟು ಹೀರಿಕೆಯಿಂದ ಭಾಗಿಸಿದರೆ, ಸದ್ದು 60 ಡೆಸಿಬೆಲ್ ಇಳಿಯಲು ಹಿಡಿಯುವ ಸೆಕೆಂಡುಗಳು ದೊರೆಯುತ್ತವೆ. ಹೀರಿಕೆಗೆ ಅವನು ಇಟ್ಟುಕೊಂಡ ಮಾನವು ತೆರೆದ ಕಿಟಕಿ. ಕಿಟಕಿಯಿಂದ ಹೊರಗೆ ಹೋದ ಸದ್ದು ಮರಳಿ ಬಾರದಿರುವುದರಿಂದ ಒಂದು ಚದರ ಮೀಟರು ತೆರೆದ ಕಿಟಕಿಯನ್ನು ಒಂದು ಪೂರ್ಣ ಮಾನವೆಂದು ಎಣಿಸಿ, ಉಳಿದೆಲ್ಲ ವಸ್ತುಗಳನ್ನು ಅದರ ಭಿನ್ನರಾಶಿಯಾಗಿ ಹೇಳಲಾಗುತ್ತದೆ. ದಪ್ಪ ಪರದೆ ನಡುಸ್ಥಾಯಿಯ ಸದ್ದಿನಲ್ಲಿ ಅರ್ಧದಷ್ಟನ್ನು ಹೀರಬಲ್ಲುದಾದರೆ, ನುಣುಪು ಟೈಲ್ಸಿನ ನೆಲವು ನೂರರಲ್ಲಿ ಒಂದೆರಡು ಪಾಲನ್ನು ಮಾತ್ರ ಹೀರಿ ಉಳಿದುದನ್ನು ಹಾಗೆಯೇ ಹಿಂದಿರುಗಿಸುತ್ತದೆ.

ಈಗ ಗಣಿತ. ಉಕ್ತ ಹಜಾರದ ಗಾತ್ರ 47 ಘನ ಮೀಟರು, ಎಲ್ಲ ಮೈಗಳ ವಿಸ್ತೀರ್ಣ ಸೇರಿ 80 ಚದರ ಮೀಟರು. ಸರಾಸರಿ ನೂರಕ್ಕೆ ಮೂರರಂತೆ ಹೀರಿಕೆಯನ್ನು ಹಿಡಿದರೆ ಖಾಲಿ ಹಜಾರದಲ್ಲಿ ಅದು ಎರಡೂವರೆ ಮಾನಕ್ಕೂ ಕಡಿಮೆಯಾಗಿ, ಅನುರಣನ ಕಾಲವು ಮೂರು ಸೆಕೆಂಡು ದಾಟುತ್ತದೆ. ಸಂಗೀತವನ್ನು ಮನೆಯಲ್ಲಿ ಸ್ಪಷ್ಟವಾಗಿ ಕೇಳಲು ಇರಬೇಕಾದುದು ಅರ್ಧ ಸೆಕೆಂಡು ಅಥವಾ ಅದಕ್ಕೂ ಸ್ವಲ್ಪ ಕಡಿಮೆ. ಅಷ್ಟಾಗಬೇಕಾದರೆ ಹೀರಿಕೆಯು 15 ಮಾನಕ್ಕೆ ಏರಬೇಕು. ಹಜಾರದ ಉದ್ದನೆಯ ಗೋಡೆಯೊಂದರ ವಿಸ್ತೀರ್ಣ 14 ಚದರ ಮೀಟರು ಇರುವುದರಿಂದ ಅದನ್ನು ಬುಡಸಮೇತ ಕೆಡವಿದರೆ ಉಳಿದ ಮೈಗಳ ಹೀರಿಕೆಯೂ ಸೇರಿ ಲೆಕ್ಕವು ಸರಿಹೊಂದುತ್ತದೆ. ಆ ಗೋಡೆಯ ಆಚೆ ಪಕ್ಕದವರ ದೇವರಮನೆ ಇರುವುದು ಶಾಸ್ತ್ರದ ದೋಷವಲ್ಲ.

ಗಣಿತದ ಎರಡನೆಯ ಭಾಗವು ಮಂದ್ರಕ್ಕೆ ಸಂಬಂಧಿಸಿದ್ದು. ಎದುರುಬದುರಾದ ಎರಡು ಗೋಡೆಗಳ ನಡುವಿನ ಅಂತರವು ಒಂದು ಅಲೆಯ ಅರ್ಧ ಉದ್ದಕ್ಕೆ ಸಮನಾದಾಗ ಆ ಅಲೆ ಅಲ್ಲೇ ನಿಂತು ಉಬ್ಬುತ್ತದೆ. ಇದಕ್ಕೆ ಸ್ಥಾಯೀ ತರಂಗವೆಂದು ಹೆಸರು. ಸದ್ದು ಸೆಕೆಂಡಿಗೆ ಸುಮಾರು 343 ಮೀಟರು ಚಲಿಸುವುದರಿಂದ ಈ ಹಜಾರದ ಉದ್ದವು 35 ಹರ್ಟ್ಸ್‌ನಲ್ಲಿ, ಅಗಲವು 51ರಲ್ಲಿ, ಎತ್ತರವು 59ರಲ್ಲಿ ಗುಂಯ್‌ಗುಡುತ್ತವೆ, ಮತ್ತು ಅವುಗಳ ಗುಣಕಗಳಲ್ಲಿಯೂ ಇದೇ ಆಟ ಮುಂದುವರಿಯುತ್ತದೆ. ಪರಿಣಾಮವಾಗಿ ಡಗ್ಗದ ಒಂದು ಸ್ವರ ಕಿವಿಗೆ ಗುದ್ದಿದರೆ ಪಕ್ಕದ ಸ್ವರ ಕೇಳಿಸುವುದೇ ಇಲ್ಲ, ಸೋಫಾದಲ್ಲಿ ಕೂತವನಿಗೆ ಅತಿಯಾದುದು ನೆಲದ ಮೇಲೆ ಕೂತವನಿಗೆ ಇಲ್ಲವಾಗಿರುತ್ತದೆ. ಅಲೆಯ ಒತ್ತಡವು ಗೋಡೆಯ ಬಳಿ ಗರಿಷ್ಠವಾಗಿರುವುದರಿಂದ ಅತ್ಯಂತ ಕೆಟ್ಟ ಜಾಗವೆಂದರೆ ಗೋಡೆಗೆ ಒರಗಿಸಿದ ಸೋಫಾ. ಕರ್ನಾಟಕದಲ್ಲಿ ಸೋಫಾವನ್ನು ಗೋಡೆಗೆ ಒರಗಿಸದೆ ಇಟ್ಟ ಮನೆ ಸಿಗುವುದು ಕಷ್ಟ.

ತೃತೀಯಾಧಿಕರಣ: ಸಂಪ್ರದಾಯಭೇದ

ದೋಷಪರಿಹಾರದ ಬಗ್ಗೆ ಏಳು ಸಂಪ್ರದಾಯಗಳಿದ್ದು, ಅವುಗಳನ್ನು ಪರಿಕರಾನುಸಾರಿ, ದ್ರವ್ಯಾನುಸಾರಿ ಮತ್ತು ಭ್ರಮಾನುಸಾರಿ ಎಂದು ಮೂರು ವರ್ಗಗಳಾಗಿಯೂ, ಪ್ರತಿ ವರ್ಗವನ್ನು ಸಾವಕಾಶ ಹಾಗೂ ನಿರವಕಾಶ ಎಂಬ ಉಪವರ್ಗಗಳಾಗಿಯೂ ವಿಂಗಡಿಸುವುದು ಪದ್ಧತಿ.

ಮೊದಲನೆಯದು ಕುಕ್ಕುಟಾಂಡಪಾತ್ರವಾದ. ಮೊಟ್ಟೆಯ ಖಾಲಿ ಟ್ರೇಗಳನ್ನು ಗೋಡೆಗೆ ಸಾಲಾಗಿ ಅಂಟಿಸಿದರೆ ಹಜಾರವು ಸ್ಟುಡಿಯೊ ಆಗುತ್ತದೆಂಬುದು ಇದರ ಸಿದ್ಧಾಂತ. ಟ್ರೇಯ ರಟ್ಟು ತೆಳುವಾಗಿಯೂ ಹಗುರವಾಗಿಯೂ ಇರುವುದರಿಂದ ಅದು ತಾರಸ್ಥಾಯಿಯನ್ನು ಅಲ್ಪಸ್ವಲ್ಪ ಕೆದಕುವುದೇ ಹೊರತು ಮಂದ್ರದ ಗೋಜಿಗೆ ಹೋಗುವುದಿಲ್ಲ, ಪಕ್ಕದ ಮನೆಗೆ ಸದ್ದು ಹೋಗುವುದನ್ನಂತೂ ತಡೆಯುವುದೇ ಇಲ್ಲ. ಬೆಂಕಿಗೆ ಸುಲಭದ ತುತ್ತು, ಜಿರಲೆಗೆ ಸಾಲುಮನೆ. ಥರ್ಮೊಕೋಲ್ ಪಂಥವು ಇದರ ಶಾಖೆಯಾಗಿದ್ದು ಪ್ರತ್ಯೇಕ ಖಂಡನೆಗೆ ಅರ್ಹವಲ್ಲ.

ಎರಡನೆಯದು ತಲ್ಪವಾದ, ಅಂದರೆ ಹಾಸಿಗೆಯ ಸಿದ್ಧಾಂತ. ಹತ್ತಿ, ಉಣ್ಣೆ, ರಾಕ್‌ವೂಲ್ ಮೊದಲಾದ ನಾರುಮಯ ದ್ರವ್ಯಗಳೊಳಗೆ ಗಾಳಿ ಅತ್ತಿತ್ತ ನುಸುಳುವಾಗ ಸದ್ದಿನ ಚೈತನ್ಯವು ತಿಕ್ಕಾಟದಿಂದ ಶಾಖವಾಗಿ ಮಾರ್ಪಡುತ್ತದೆ. ಎಲ್ಲ ವಾದಗಳಲ್ಲಿ ಇದೊಂದೇ ಸತ್ಯವಾದುದು, ಆದ್ದರಿಂದಲೇ ಇದಕ್ಕೆ ಅನುಯಾಯಿಗಳು ಕಡಿಮೆ. ತೊಡಕು ದಪ್ಪದ್ದು: ದ್ರವ್ಯವು ಚೆನ್ನಾಗಿ ಹೀರಬೇಕಾದರೆ ಅದರ ದಪ್ಪ ಅಲೆಯ ಉದ್ದದ ಕಾಲುಭಾಗದಷ್ಟಿರಬೇಕು ಎಂಬ ನಿಯಮದಂತೆ 50 ಹರ್ಟ್ಸ್‌ನ ಸುಮಾರು ಏಳು ಮೀಟರಿನ ಅಲೆಗೆ ಒಂದೂ ಮುಕ್ಕಾಲು ಮೀಟರು ದಪ್ಪದ ಹಾಸಿಗೆಯನ್ನು ಗೋಡೆಗೆ ಹೊದಿಸಬೇಕಾಗುತ್ತದೆ, ಮತ್ತು ಹಾಗೆ ಎರಡು ಕಡೆ ಹೊದಿಸಿದ ಮೇಲೆ 11 ಅಡಿ ಅಗಲದ ಹಜಾರದಲ್ಲಿ ಮನುಷ್ಯ ನಿಲ್ಲಲು ಜಾಗವೇ ಉಳಿಯುವುದಿಲ್ಲ. ಮೂಲೆಗಳಲ್ಲಿ ಅಂತಸ್ತಾಗಿ ಪೇರಿಸಿದ ದಪ್ಪ ಸುರುಳಿಗಳು ಇದರ ಕಾಲುಪಾಲು ಖರ್ಚಿನಲ್ಲಿ ಸಾಕಷ್ಟು ಕೆಲಸ ಮಾಡುತ್ತವೆ. ನಂಟರಿಗಾಗಿ ಅಟ್ಟದ ಮೇಲಿಟ್ಟ ಬೂರುಗದ ಹತ್ತಿಯ ಹಾಸಿಗೆಗಳು, ಚಳ್ಳಕೆರೆಯ ಕಂಬಳಿ, ನವಲಗುಂದದ ಜಮಖಾನ ಇವೆಲ್ಲ ಈ ವಾದದ ಆಕರಸಾಮಗ್ರಿ. ಆದರೆ ಈಶಾನ್ಯದಲ್ಲಿ ಭಾರ ಇಡಕೂಡದೆಂದು ವಾಸ್ತುಪಂಡಿತರು ವಿಧಿಸಿರುವುದರಿಂದ ನೈಋತ್ಯದ ಮೂಲೆಗೆ ಮಾತ್ರ ಅನುಮತಿ ದೊರೆತು, ಎಡಗಡೆಯ ಸ್ಪೀಕರು ಮೋಕ್ಷವನ್ನೂ ಬಲಗಡೆಯದು ಪುನರ್ಜನ್ಮವನ್ನೂ ಪಡೆಯುತ್ತವೆ.

ಮೂರನೆಯದಾದ ತಂತುವಾದವೇ ಇಂದು ರಾಜಮಾನ್ಯವಾಗಿರುವುದು. ಹಜಾರದ ದೋಷಕ್ಕೆ ಹಜಾರವಾಗಲಿ ಸ್ಪೀಕರಾಗಲಿ ಕಾರಣವಲ್ಲ, ಅವುಗಳನ್ನು ಕೂಡಿಸುವ ವೈರು ಕಾರಣ ಎಂದು ಇದು ಬೋಧಿಸುತ್ತದೆ. ಇದರ ಪ್ರವರ್ತಕರನ್ನು ಶ್ರವಣಾಚಾರ್ಯರೆನ್ನಬಹುದು. ಅವರು ಮನೆಗೆ ಬಂದು, ಕಣ್ಣು ಮುಚ್ಚಿ, ಅರ್ಧ ನಿಮಿಷ ಕೇಳಿ, "ಮಿಡ್ ಸ್ವಲ್ಪ ಹಿಂದೆ ಕೂತಿದೆ ಸಾರ್, ಹೈಸ್ ಉಸಿರಾಡ್ತಾ ಇಲ್ಲ" ಎಂದು ಶಕುನ ನುಡಿಯುತ್ತಾರೆ. ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಮೀಟರಿನ ಲೆಕ್ಕದಲ್ಲಿ ಸಿಗುವ ಎರಡೂವರೆ ಚದರ ಮಿಲಿಮೀಟರಿನ ತಾಮ್ರದ ವೈರನ್ನು ಮೂರು ಮೀಟರು ಎಳೆದರೆ ಹೋಗಿಬರುವ ದಾರಿಯ ಒಟ್ಟು ರೋಧವು 0.04 ಓಮ್, ಸ್ಪೀಕರಿನದು 8 ಓಮ್. ಇದರಿಂದ ಆಗುವ ನಷ್ಟ ಒಂದು ಡೆಸಿಬೆಲ್‌ನ ಇಪ್ಪತ್ತನೆಯ ಒಂದು ಭಾಗವನ್ನೂ ಮುಟ್ಟುವುದಿಲ್ಲ, ಅದನ್ನು ಗುರುತಿಸಬಲ್ಲ ಕಿವಿ ಮನುಷ್ಯನದಲ್ಲ. ಆದರೂ ಆಚಾರ್ಯರು ಹಾವಿನ ಗಾತ್ರದ, ಬಲೆ ಹೊದಿಸಿದ, ಬಾಣದ ಗುರುತಿರುವ ವೈರೊಂದನ್ನು ಮಖಮಲ್ಲಿನ ಪೆಟ್ಟಿಗೆಯಿಂದ ಹೊರತೆಗೆದು, ಇದು ನೂರು ಗಂಟೆ ಹಾಡಿದ ಮೇಲೆ 'ತೆರೆದುಕೊಳ್ಳುತ್ತದೆ' ಎನ್ನುತ್ತಾರೆ. ಅಷ್ಟು ಹೊತ್ತಿಗೆ ವಾಪಸು ಮಾಡುವ ಅವಧಿ ಮುಚ್ಚಿಕೊಂಡಿರುತ್ತದೆ. ಕರೆಂಟಿನ ವೈರಿಗೂ ಇದೇ ಸಂಸ್ಕಾರವಿದೆ. ಶರಾವತಿಯಿಂದಲೋ ರಾಯಚೂರಿನಿಂದಲೋ ನೂರಾರು ಕಿಲೋಮೀಟರು ಅಲ್ಯೂಮಿನಿಯಂ ತಂತಿಯ ಮೇಲೆ ಸಾಗಿ, ಬೀದಿಯ ಟ್ರಾನ್ಸ್‌ಫಾರ್ಮರಿನಲ್ಲಿ ಗುಂಯ್‌ಗುಟ್ಟಿ, ಗೋಡೆಯೊಳಗಿನ ಮಾಮೂಲಿ ವೈರಿನಲ್ಲಿ ನುಸುಳಿ ಬಂದ ವಿದ್ಯುತ್ತು ಪ್ಲಗ್ಗಿನಿಂದ ಆಂಪ್ಲಿಫೈಯರಿನವರೆಗಿನ ಕೊನೆಯ ಒಂದೂವರೆ ಮೀಟರಿನಲ್ಲಿ ಪಾಪವಿಮೋಚನೆ ಹೊಂದುತ್ತದೆಂದು ಶಾಸ್ತ್ರವಾಕ್ಯ.

ಇಷ್ಟೆಲ್ಲ ಖರ್ಚು ಮಾಡಿದ ಗೃಹಸ್ಥನು ಏನೂ ವ್ಯತ್ಯಾಸ ತಿಳಿಯುತ್ತಿಲ್ಲವೆಂದು ಸಂಕೋಚದಿಂದ ಹೇಳಿದಾಗ ಆಚಾರ್ಯರಿಂದ ಬರುವ ಉತ್ತರವೇ ಮೊದಲು ಹೇಳದೆ ಉಳಿಸಿಕೊಂಡ ಐದನೆಯ ಕಾಠಿನ್ಯ: "ನಿಮ್ಮ ಕಿವಿ ಇನ್ನೂ ಪಳಗಿಲ್ಲ ಸಾರ್." ಈ ಮಾತನ್ನು ಯಾರಿಗೆ ಹೇಳಲಾಗುತ್ತಿದೆ ಎಂಬುದನ್ನು ಗಮನಿಸಬೇಕು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯಿಂದ ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಇವರ ದನಿಗಳು, ಅಂಗೈಯಗಲದ ಸ್ಪೀಕರಿದ್ದ ರೇಡಿಯೊದಿಂದ, ಮಧ್ಯಮ ತರಂಗಾಂತರದ ಕರಕರದ ನಡುವೆ ಬರುತ್ತಿದ್ದಾಗ, ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತ ರಾಗದ ಹೆಸರು ಹೇಳುತ್ತಿದ್ದವರಿಗೆ. ಮುಖವೊಂದಕ್ಕೆ ಸುಮಾರು ಮೂರು ನಿಮಿಷ ಮಾತ್ರ ಹಿಡಿಸುತ್ತಿದ್ದ 78ರ ತಟ್ಟೆಗಳಲ್ಲಿ ಇಡೀ ರಾಗದ ರೂಪವನ್ನು ಕಂಡು ಕಣ್ಣೊರೆಸಿಕೊಂಡವರಿಗೆ. ಶ್ರುತಿ ಎಳೆಯಷ್ಟು ಸರಿದರೆ ಹುಬ್ಬು ಗಂಟಿಕ್ಕುವವರಿಗೆ. ಇಂಥವರಿಗೆ ಅವರ ಕಿವಿಯ ಮೇಲೆಯೇ ಅಪನಂಬಿಕೆ ಹುಟ್ಟಿಸಿ, ಆ ಅಪನಂಬಿಕೆಯನ್ನು ಮೀಟರಿಗಿಷ್ಟು ಎಂದು ಮಾರುವುದು ವ್ಯಾಪಾರವಲ್ಲ, ಲೂಟಿ. ಜೇಬಿನಿಂದ ಹೋದ ಹಣ ಹೋಯಿತು ಎನ್ನಬಹುದು. ಆದರೆ ಅಂದಿನಿಂದ ಆ ಮನುಷ್ಯ ಭೈರವಿಯನ್ನು ಕೇಳುವುದು ಬಿಟ್ಟು ಭೈರವಿಯ ಹಿಂದೆ ಮಿಡ್ ಎಲ್ಲಿ ಕೂತಿದೆ ಎಂದು ಹುಡುಕುತ್ತ ಕೂರುತ್ತಾನೆ, ಅದಕ್ಕೆ ಯಾರು ಲೆಕ್ಕ ಕೊಡುತ್ತಾರೆ?

ಉಳಿದ ನಾಲ್ಕು ಸಂಪ್ರದಾಯಗಳನ್ನು ಉಪವರ್ಗಸಮೇತ ವಿವರಿಸುವ ಉತ್ಸಾಹ ಈ ಮೀಮಾಂಸೆಗೆ ಉಳಿದಿಲ್ಲ. ಅವು ಹೆಚ್ಚುಕಡಿಮೆ ಒಂದೇ.

ಮಾಡಬಹುದಾದ ಕೆಲಸಗಳು ಹಣ ಬೇಡದವು. ಬ್ರಿಟಿಷ್ ಎಂಜಿನಿಯರ್ ಅಲನ್ ಬ್ಲಮ್ಲೈನ್ 1931ರಲ್ಲಿ ಸ್ಟೀರಿಯೊ ಪೇಟೆಂಟಿಗೆ ಅರ್ಜಿ ಹಾಕಿದಂದಿನಿಂದ ಎರಡು ಕಿವಿಗೆ ಎರಡು ಮೂಲ ಎಂಬ ತತ್ತ್ವ ಬದಲಾಗಿಲ್ಲ: ಎರಡು ಸ್ಪೀಕರುಗಳೂ ಕೇಳುವವನ ತಲೆಯೂ ಸಮಬಾಹು ತ್ರಿಕೋನದ ಮೂರು ತುದಿಗಳಲ್ಲಿರಬೇಕು, ಹಾಗಿದ್ದಾಗ ಮಾತ್ರ ಹಾಡುವವನು ಎರಡರ ನಡುವಿನ ಖಾಲಿ ಜಾಗದಲ್ಲಿ ಕುಳಿತಂತಾಗುತ್ತದೆ. ಒಂದನ್ನು ಫ್ರಿಜ್ಜಿನ ಮೇಲೂ ಇನ್ನೊಂದನ್ನು ಶೂ ಸ್ಟ್ಯಾಂಡಿನ ಮೇಲೂ ಇಟ್ಟು ಸ್ಟೀರಿಯೊ ಎಂದು ಕರೆಯುವುದು ವ್ಯಾಕರಣದೃಷ್ಟಿಯಿಂದ ಮಾತ್ರ ಸರಿ. ಸ್ಪೀಕರನ್ನು ಹಿಂದಿನ ಗೋಡೆಯಿಂದ ಒಂದು ಮೀಟರು ದೂರ ಇಟ್ಟರೆ ಗೋಡೆಗೆ ಬಡಿದು ಬಂದ ಸದ್ದು 86 ಹರ್ಟ್ಸ್ ಆಸುಪಾಸಿನಲ್ಲಿ ನೇರ ಸದ್ದಿಗೆ ಎದುರುಬಿದ್ದು ಅದನ್ನು ತೊಡೆದುಹಾಕುತ್ತದೆ. ಆದ್ದರಿಂದ ಅಂಗುಲ ಅಂಗುಲವಾಗಿ ಸರಿಸಿ, ಡಗ್ಗ ಎಲ್ಲಿ ಮೈತುಂಬಿ ನುಡಿಯುತ್ತದೋ ಅಲ್ಲಿ ನಿಲ್ಲಿಸಿ ನೆಲಕ್ಕೆ ಸೀಮೆಸುಣ್ಣದ ಗುರುತು ಹಾಕುವುದು, ಮರುದಿನ ನೆಲ ಒರೆಸುವವರು ಅದನ್ನು ಅಳಿಸಿದ ಮೇಲೆ ಮತ್ತೆ ಹಾಕುವುದು, ಇದೇ ವಿಧಾನ. ಪಕ್ಕದ ಗೋಡೆಗಳಿಂದ ಮೊದಲ ಪುಟಿತ ಬರುವ ಜಾಗವನ್ನು ಪತ್ತೆಹಚ್ಚಲು ಮಕ್ಕಳಲ್ಲೊಬ್ಬರು ಬಚ್ಚಲಿನ ಕನ್ನಡಿಯನ್ನು ಗೋಡೆಗೆ ತಾಗಿಸಿ ಸರಿಸುತ್ತ ಹೋಗಬೇಕು. ಕೂತವನಿಗೆ ಕನ್ನಡಿಯಲ್ಲಿ ಸ್ಪೀಕರು ಎಲ್ಲಿ ಕಾಣುತ್ತದೋ ಅಲ್ಲಿಯೇ ಕಂಬಳಿ ತೂಗುಹಾಕಬೇಕು. ಮಳೆಗಾಲದಲ್ಲಿ ಅದು ಕುರಿಯ ವಾಸನೆ ಬೀರುತ್ತದೆಂಬ ಆಕ್ಷೇಪ ಸಾಧುವಾದುದು.

ಆಮೇಲೆ ಶೋಕೇಸು. ತಂಬೂರಿಯ ಮಂದ್ರ ಷಡ್ಜ ನುಡಿದಾಗ ಝರ್ರೆನ್ನುವ ವಿಚಿತ್ರ ನಾದವೊಂದು ಕೇಳಿಬಂದು, ಆಚಾರ್ಯರು ಅದನ್ನು ಟ್ವೀಟರಿನ ದೋಷವೆಂದು ನಿರ್ಣಯಿಸಿ ಹೊಸ ಟ್ವೀಟರಿನ ದರ ಹೇಳುವ ಸಂದರ್ಭಗಳುಂಟು. ಪಕ್ಕಕ್ಕೆ ಸರಿಯುವ ಶೋಕೇಸಿನ ಗಾಜು ತನ್ನ ಅಲ್ಯೂಮಿನಿಯಂ ಚಾನೆಲ್ಲಿನೊಳಗೆ ಸಡಿಲವಾಗಿದ್ದು, ಅದಕ್ಕೆ ಒರಗಿಸಿದ ಚನ್ನಪಟ್ಟಣದ ಗೊಂಬೆಯ ತಲೆ ಅದರ ಜೊತೆಗೆ ಕುಣಿಯುತ್ತಿರುವುದನ್ನು ಬೆರಳಿಟ್ಟು ನೋಡಿದರೆ ತಿಳಿಯುತ್ತದೆ. ಹಳೆಯ ಲಗ್ನಪತ್ರಿಕೆಯ ದಪ್ಪ ರಟ್ಟನ್ನು ನಾಲ್ಕಾಗಿ ಮಡಿಸಿ ಗಾಜಿನ ಸಂದಿಗೆ ತುರುಕಿ, ಗೊಂಬೆಯನ್ನು ಎರಡು ಅಂಗುಲ ಹಿಂದಕ್ಕೆ ಸರಿಸಿದರೆ ರೋಗ ಅಲ್ಲಿಗೆ ಮುಗಿಯಿತು. ಈ ಚಿಕಿತ್ಸೆಗೆ ಮಖಮಲ್ಲಿನ ಪೆಟ್ಟಿಗೆ ಇಲ್ಲದಿರುವುದರಿಂದ ಅದು ಯಾವ ಗ್ರಂಥಕ್ಕೂ ಏರಿಲ್ಲ.

ಇಷ್ಟನ್ನೆಲ್ಲ ಮಾಡಿದ ಮೇಲೂ ಹೊರಗಿನ ಸದ್ದು ಉಳಿದೇ ಇರುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳು ವಾಸದ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು ಮಿತಿ ಹಾಕಿವೆ. ಪಕ್ಕದ ಸೈಟಿನಲ್ಲಿ ಕೊಳವೆಬಾವಿ ಕೊರೆಯುವವರೂ ಗ್ರಾನೈಟು ಕತ್ತರಿಸುವವರೂ ಈ ನಿಯಮವನ್ನು ಓದಲು ಬಿಡುವಿಲ್ಲದಷ್ಟು ದುಡಿಯುತ್ತಾರೆ. ಎಲ್ಲ ಅಡಗುವುದು ರಾತ್ರಿ ಹನ್ನೊಂದರ ಮೇಲೆ. ಆಗ ವಾಲ್ಯೂಮು ತಗ್ಗಿಸಲೇಬೇಕು, ತಗ್ಗಿಸಿದರೆ ಮನುಷ್ಯನ ಕಿವಿ ಮಂದ್ರವನ್ನೇ ಮೊದಲು ಕಳೆದುಕೊಳ್ಳುತ್ತದೆಂಬುದನ್ನು ಫ್ಲೆಚರ್ ಮತ್ತು ಮುನ್ಸನ್ 1933ರಲ್ಲಿಯೇ ಅಳೆದು ತೋರಿಸಿದ್ದಾರೆ. ಹೀಗಾಗಿ ಮಂದ್ರವನ್ನು ಸರಿಪಡಿಸಲು ಹಗಲೆಲ್ಲ ಹಾಸಿಗೆ ಹೊತ್ತವನಿಗೆ, ಕೇಳಲು ಪುರಸೊತ್ತು ಸಿಕ್ಕ ಹೊತ್ತಿನಲ್ಲಿ ಮಂದ್ರವೇ ಇರುವುದಿಲ್ಲ.

ಮಲೆನಾಡಿನ, ಹಳೆ ಮೈಸೂರಿನ ತೊಟ್ಟಿಮನೆಗಳಲ್ಲಿ ಈ ತಾಪತ್ರಯವಿರಲಿಲ್ಲ. ನಡುವಿನ ತೊಟ್ಟಿ ಆಕಾಶಕ್ಕೆ ತೆರೆದುಕೊಂಡಿದ್ದು ಸಬೀನನ ಮಾನದಲ್ಲಿ ಅದು ಪರಿಪೂರ್ಣ ಹೀರಿಕೆ. ಮರದ ಅಟ್ಟ ಮಂದ್ರದ ಅಲೆಗೆ ತಾನೂ ಮಿಡಿದು ಅದರ ಬಲವನ್ನು ಕುಗ್ಗಿಸುತ್ತಿತ್ತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದು ಮಾಡತೊಡಗಿದ ಹೆಂಚುಗಳ ಸಂದುಗಳಲ್ಲಿ ಉಳಿದ ಸದ್ದು ಸೋರಿಹೋಗುತ್ತಿತ್ತು. ಅವರಾರೂ ಧ್ವನಿಗಾಗಿ ಮನೆ ಕಟ್ಟಲಿಲ್ಲ, ಆ ಮನೆಗಳು ಎಲ್ಲರ ಪಾಲಿಗೆ ಸುಖದವೂ ಆಗಿರಲಿಲ್ಲ ಎಂಬುದು ನಿಜ. ಆದರೆ ಇಂದು ಟೈಲ್ಸಿನ ಹೊಳಪು, ಫಾಲ್ಸ್ ಸೀಲಿಂಗಿನ ಬೆಳಕು, ಗೋಡೆಯ ಬಣ್ಣ ಎಂದು ಲಕ್ಷಗಟ್ಟಲೆ ಸುರಿಯುವಾಗ ಈ ಹಜಾರದಲ್ಲಿ ಕುಳಿತವರ ಮಾತು ಒಬ್ಬರಿಗೊಬ್ಬರಿಗೆ ಹೇಗೆ ಕೇಳೀತು ಎಂದು ಕಟ್ಟುವವನೂ ಯೋಚಿಸುವುದಿಲ್ಲ, ಕೊಳ್ಳುವವನೂ ಕೇಳುವುದಿಲ್ಲ. ಮುದುಕರು "ಏನಂದೆ?" ಎಂದು ಎರಡು ಸಲ ಕೇಳಿದರೆ ಅವರ ಕಿವಿಯನ್ನು ಪರೀಕ್ಷೆಗೆ ಕರೆದೊಯ್ಯುತ್ತಾರೆಯೇ ಹೊರತು ಹಜಾರವನ್ನು ಯಾರೂ ಪರೀಕ್ಷಿಸುವುದಿಲ್ಲ.

ಕೊನೆಗೆ ಹೀರಿಕೆಯ ದ್ರವ್ಯಗಳಲ್ಲಿ ಅತಿ ಅಗ್ಗವಾದುದರ ವಿಚಾರ. ಬಟ್ಟೆ ತೊಟ್ಟು ಕುಳಿತ ಮನುಷ್ಯನೊಬ್ಬನು ಸುಮಾರು ಅರ್ಧ ಮಾನದಷ್ಟು ಸದ್ದನ್ನು ಹೀರುತ್ತಾನೆ. ಸಭಾಂಗಣಗಳ ಲೆಕ್ಕದಲ್ಲಿ ಅತಿ ದೊಡ್ಡ ಹೀರಿಕೆ ಗೋಡೆಯದಲ್ಲ, ಸಭಿಕರದು. ಒಂದು ಜಮಖಾನ, ದಪ್ಪ ಪರದೆ, ಹತ್ತಿಯ ಸೋಫಾ ಇರುವ ಹಜಾರಕ್ಕೆ ಎಂಟು ಜನ ಬಂದು ಕುಳಿತರೆ ನಾಲ್ಕು ಮಾನ ಕೂಡಿ, ಯಾವ ಆಚಾರ್ಯರ ನೆರವೂ ಇಲ್ಲದೆ ಅನುರಣನ ಕಾಲ ಇಳಿಯುತ್ತದೆ. ಶಾಲು ಹೊದ್ದು ಬಂದರೆ ಇನ್ನೂ ಉತ್ತಮ. ಅವರು ಕಾಫಿ ಕೇಳುತ್ತಾರೆ, ಆಲಾಪದ ನಡುವೆ ಮಾತನಾಡುತ್ತಾರೆ, ತಾಳ ತಪ್ಪಾಗಿ ಹಾಕುತ್ತಾರೆ ಎಂಬ ಆಕ್ಷೇಪಗಳನ್ನು ಒಪ್ಪಿಕೊಂಡರೂ ಗಣಿತವು ಅವರ ಪರವಾಗಿಯೇ ನಿಲ್ಲುತ್ತದೆ. ವೈಟ್‌ಫೀಲ್ಡಿನಲ್ಲಿರುವ ಭಾವಮೈದುನನೂ ಯಲಹಂಕದಲ್ಲಿರುವ ಹಳೆಯ ಸಹಪಾಠಿಯೂ ಭಾನುವಾರ ಸಂಜೆ ಬನಶಂಕರಿಯ ಹಜಾರಕ್ಕೆ ಬಂದು ಸೇರಿ, ಮುಗಿದ ಮೇಲೆ ಮಧ್ಯರಾತ್ರಿಯೊಳಗೆ ಮನೆ ಮುಟ್ಟುವುದು ಹೇಗೆಂಬ ಪ್ರಶ್ನೆಯು ಸಂಚಾರ ಪೊಲೀಸರ ವ್ಯಾಪ್ತಿಗೆ ಸೇರಿದ್ದರಿಂದ ಅದನ್ನು ಇಲ್ಲಿ ಕೈಗೆತ್ತಿಕೊಂಡಿಲ್ಲ.